ವಾಲ್ವ್ ಸ್ಪ್ರಿಂಗ್ ಗಟ್ಟಿಯಾದಷ್ಟೂ ಎಂಜಿನ್‌ಗೆ ಶಕ್ತಿ ಹೆಚ್ಚುತ್ತದೆಯೇ? ಬದಲಾಯಿಸುವ ಮುನ್ನ ತಿಳಿಯಬೇಕಾದ ಲೆಕ್ಕ

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗುವ ಹೊತ್ತಿಗೆ ಪೊನ್ನಂಪೇಟೆ, ಗೋಣಿಕೊಪ್ಪಲು, ವಿರಾಜಪೇಟೆ ಕಡೆ ಎಂಜಿನ್‌ಗಳ ಸದ್ದು ಏರುತ್ತದೆ. ಗದ್ದೆಯಲ್ಲಿ ಆಟೋಕ್ರಾಸ್, ಗುಡ್ಡದಲ್ಲಿ ಜೀಪುಗಳ ಆಫ್‌ರೋಡ್ ಸ್ಪರ್ಧೆ, ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ‘ರೋಬಸ್ಟಾ ರ‍್ಯಾಲಿ’ ಎಂಬ ಹೆಸರಿನಲ್ಲೇ ಕೊಡಗಿನಲ್ಲಿ ನಡೆದಿದೆ. ಇಂಥ ಕಡೆ ಮನೆಯಲ್ಲಿರುವ ಹಳೆ ಜಿಪ್ಸಿಯನ್ನೋ ಬುಲೆಟ್ಟನ್ನೋ ಒಂದಿಷ್ಟು ಚುರುಕು ಮಾಡೋಣ ಎಂಬ ಆಸೆ ಹುಟ್ಟುವುದು ಸಹಜ.

ಆಸೆಯ ಹಿಂದೆಯೇ ಮೊಬೈಲ್‌ಗೆ ಸಲಹೆಗಳೂ ಬರುತ್ತವೆ. ‘ರೇಸಿಂಗ್ ವಾಲ್ವ್ ಸ್ಪ್ರಿಂಗ್ ಹಾಕಿಸಿ, ಪಿಕಪ್ ಹೆಚ್ಚುತ್ತದೆ’, ‘ಸ್ಪ್ರಿಂಗ್ ಎಷ್ಟು ಗಟ್ಟಿಯೋ ಅಷ್ಟು ಬಾಳಿಕೆ’, ‘ಹೊಸದು ಬೇಡ, ಹಳೆಯದರ ಕೆಳಗೆ ಒಂದು ವಾಷರ್ ಇಟ್ಟರೆ ಸಾಕು’. ಇವುಗಳಲ್ಲಿ ನಿಜವೆಷ್ಟು? ಒಂದೊಂದಾಗಿ ನೋಡೋಣ.

ಸ್ಪ್ರಿಂಗ್ ಮಾಡುವ ಕೆಲಸವೇನು?

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನ ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಇನ್ನೊಂದು. ಇವೇ ವಾಲ್ವ್‌ಗಳು. ಕ್ಯಾಮ್‌ಶಾಫ್ಟ್‌ನ ಉಬ್ಬು ಒತ್ತಿದಾಗ ವಾಲ್ವ್ ತೆರೆಯುತ್ತದೆ. ಅದನ್ನು ಮತ್ತೆ ಮುಚ್ಚುವುದು, ಕ್ಯಾಮ್‌ನ ಮೈಗೆ ಅಂಟಿಕೊಂಡೇ ಹಿಂದಿರುಗುವಂತೆ ಮಾಡುವುದು ಸ್ಪ್ರಿಂಗ್‌ನ ಕೆಲಸ.

ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಒಂದು ಸಲ ತೆರೆದು ಮುಚ್ಚಲು ಸಿಗುವ ಸಮಯ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ವೇಗ ಹೆಚ್ಚಿದಾಗ ಸ್ಪ್ರಿಂಗ್‌ನ ಮೇಲೆ ಬೀಳುವ ಹೊರೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. 6000ದಿಂದ 7000ಕ್ಕೆ ಹೋದರೆ ವೇಗ ಹೆಚ್ಚಿದ್ದು ಸುಮಾರು ಶೇ 17, ಹೊರೆ ಹೆಚ್ಚಿದ್ದು ಶೇ 36. 8000ಕ್ಕೆ ಹೋದರೆ ಶೇ 78. ಸ್ಪ್ರಿಂಗ್‌ನ ಬಲ ಸಾಲದೆ ಹೋದಾಗ ವಾಲ್ವ್ ಕ್ಯಾಮ್‌ನ ಹಿಡಿತ ಬಿಟ್ಟು ತೇಲುತ್ತದೆ. ಮೆಕ್ಯಾನಿಕ್‌ಗಳು ಇದನ್ನು ವಾಲ್ವ್ ಫ್ಲೋಟ್ ಎನ್ನುತ್ತಾರೆ. ಮುಚ್ಚಬೇಕಾದ ಹೊತ್ತಿಗೆ ವಾಲ್ವ್ ಮುಚ್ಚುವುದಿಲ್ಲ, ಮುಚ್ಚಿದರೂ ಸೀಟಿಗೆ ಬಡಿದು ಪುಟಿಯುತ್ತದೆ. ಎಂಜಿನ್‌ನ ಶಕ್ತಿ ಒಮ್ಮೆಲೇ ಕುಸಿಯುತ್ತದೆ. ಹಲವು ಎಂಜಿನ್‌ಗಳಲ್ಲಿ ಮೇಲೆ ಬರುವ ಪಿಸ್ಟನ್ ಆ ವಾಲ್ವ್‌ಗೆ ಗುದ್ದುತ್ತದೆ. ವಾಲ್ವ್ ಬಾಗಬಹುದು, ತಲೆ ಮುರಿದು ಸಿಲಿಂಡರ್ ಒಳಗೆ ಬೀಳಲೂಬಹುದು. ಹಾಗೆ ಬಿದ್ದರೆ ಪಿಸ್ಟನ್, ಹೆಡ್ ಎರಡೂ ಹಾಳು.

ಹೇಳಿಕೆ 1: ‘ಗಟ್ಟಿ ಸ್ಪ್ರಿಂಗ್ ಹಾಕಿದರೆ ಪಿಕಪ್ ಹೆಚ್ಚುತ್ತದೆ’

ತಪ್ಪು. ಸ್ಪ್ರಿಂಗ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ವಾಲ್ವ್ ತೇಲುತ್ತಿದ್ದರೆ ಅದನ್ನು ನಿಲ್ಲಿಸುತ್ತದೆ, ಅಷ್ಟೇ. ನಿಮ್ಮ ಎಂಜಿನ್ ಓಡುವ ವೇಗದಲ್ಲಿ ವಾಲ್ವ್ ತೇಲುತ್ತಲೇ ಇಲ್ಲದಿದ್ದರೆ ಗಟ್ಟಿ ಸ್ಪ್ರಿಂಗ್‌ನಿಂದ ಲಾಭವಿಲ್ಲ, ನಷ್ಟವಿದೆ. ಕ್ಯಾಮ್ ಮತ್ತು ಟ್ಯಾಪೆಟ್ ನಡುವೆ ಒತ್ತಡ, ಘರ್ಷಣೆ ಹೆಚ್ಚುತ್ತವೆ. ಕ್ಯಾಮ್‌ನ ಉಬ್ಬು, ರಾಕರ್, ವಾಲ್ವ್ ಸೀಟು ಬೇಗ ಸವೆಯುತ್ತವೆ. ಪುಶ್‌ರಾಡ್ ಇರುವ ಬುಲೆಟ್‌ನಂಥ ಎಂಜಿನ್‌ನಲ್ಲಿ ಆ ಒತ್ತಡವನ್ನು ಪುಶ್‌ರಾಡ್ ಕೂಡ ತಾಳಬೇಕು.

ಕಂಪನಿ ಹಾಕಿಕೊಟ್ಟ ಸ್ಪ್ರಿಂಗ್ ಆ ಎಂಜಿನ್‌ಗೆ ನಿಗದಿಯಾದ ಗರಿಷ್ಠ ಆರ್‌ಪಿಎಂಗೆ ಲೆಕ್ಕ ಹಾಕಿ ಮಾಡಿದ್ದು. ಕ್ಯಾಮ್ ಬದಲಾಗಿಲ್ಲ, ಆರ್‌ಪಿಎಂ ಮಿತಿ ಏರಿಸಿಲ್ಲ, ಟರ್ಬೊ ಹಾಕಿಲ್ಲ ಎಂದಾದರೆ ಹೊಸದಾದ ಮೂಲ ಸ್ಪ್ರಿಂಗೇ ಸಾಕು.

ಒಂದು ತಮಾಷೆಯ ಸಂಗತಿ: ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿ ಬೈಕುಗಳಲ್ಲಾಗಲಿ ಯಮಹಾ ಆರ್‌ಎಕ್ಸ್ 100ರಲ್ಲಾಗಲಿ ಇಂಥ ಸ್ಪ್ರಿಂಗೇ ಇಲ್ಲ. ಅವು ಎರಡು ಸ್ಟ್ರೋಕ್ ಎಂಜಿನ್‌ಗಳು, ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ‘ಆರ್‌ಎಕ್ಸ್‌ಗೆ ರೇಸಿಂಗ್ ವಾಲ್ವ್ ಸ್ಪ್ರಿಂಗ್’ ಎಂಬ ಸಂದೇಶ ಬಂದರೆ ಅದನ್ನು ಬರೆದವರು ಎಂಜಿನ್ ಬಿಚ್ಚಿ ನೋಡಿಲ್ಲ ಎಂದೇ ಅರ್ಥ.

ಹೇಳಿಕೆ 2: ‘ಕೆಳಗೆ ಒಂದು ವಾಷರ್ ಇಟ್ಟರೆ ಸಾಕು’

ಅಪಾಯಕಾರಿ ಅರ್ಧಸತ್ಯ. ತೆಳುವಾದ, ಗಟ್ಟಿ ಉಕ್ಕಿನ ಶಿಮ್ ಇಟ್ಟು ಎತ್ತರ ಸರಿಪಡಿಸುವ ಪದ್ಧತಿ ಇದೆ. ಆದರೆ ಅಳೆಯದೆ ಯಾವುದೋ ವಾಷರ್ ತುರುಕುವುದು ಬೇರೆ ಮಾತು. ಏಕೆಂದು ತಿಳಿಯಲು ಒಂದು ಉದಾಹರಣೆ ತೆಗೆದುಕೊಳ್ಳೋಣ.

ಒಂದು ಸ್ಪ್ರಿಂಗ್ ವಾಲ್ವ್ ಮುಚ್ಚಿರುವಾಗ 35 ಕೆಜಿ ಬಲದಿಂದ ಒತ್ತುತ್ತದೆ ಎಂದುಕೊಳ್ಳಿ. ಅದನ್ನು ಪ್ರತಿ 1 ಮಿ.ಮೀ. ಅಮುಕಿದರೆ 4 ಕೆಜಿ ಹೆಚ್ಚುತ್ತದೆ. ಕ್ಯಾಮ್ ಅದನ್ನು 10 ಮಿ.ಮೀ. ಎತ್ತಿದಾಗ ಬಲ 35 + 40 = 75 ಕೆಜಿ. ಪೂರ್ತಿ ತೆರೆದಾಗಲೂ ಸುರುಳಿಗಳ ನಡುವೆ ಒಟ್ಟು 1.2 ಮಿ.ಮೀ. ಜಾಗ ಉಳಿದಿದೆ ಎಂದಿರಲಿ.

ಈಗ 1 ಮಿ.ಮೀ. ದಪ್ಪದ ವಾಷರ್ ಇಟ್ಟೆವು. ಮುಚ್ಚಿರುವಾಗಿನ ಬಲ 39, ತೆರೆದಾಗ 79. ಸಿಕ್ಕ ಲಾಭ 4 ಕೆಜಿ. ಆದರೆ ಉಳಿದ ಜಾಗ ಬರೀ 0.2 ಮಿ.ಮೀ. ಜೋರಾಗಿ ಓಡುವಾಗ ಸುರುಳಿಗಳು ಒಂದಕ್ಕೊಂದು ತಾಗಿ ಸ್ಪ್ರಿಂಗ್ ಗಟ್ಟಿ ಕೊಳವೆಯಂತಾಗಬಹುದು. ಇದೇ ಕಾಯಿಲ್ ಬೈಂಡ್. ಆಗ ಕ್ಯಾಮ್ ಒತ್ತಿದರೂ ವಾಲ್ವ್ ಜಾಗ ಕೊಡದು, ಪುಶ್‌ರಾಡ್, ರಾಕರ್, ಕ್ಯಾಮ್ ಯಾವುದಾದರೂ ಮುರಿಯಬೇಕು. ತಯಾರಕರು ಬೇರೆ ಅಳತೆ ಹೇಳದಿದ್ದರೆ ಪೂರ್ತಿ ತೆರೆದಾಗ ಒಟ್ಟು 1ರಿಂದ 1.5 ಮಿ.ಮೀ. ಜಾಗ ಉಳಿಸುವುದು ಎಂಜಿನ್ ಕಟ್ಟುವವರ ಸಾಮಾನ್ಯ ರೂಢಿ.

ಸೋತ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಿ ಹಾಕುವುದು ಇನ್ನೂ ಕೆಟ್ಟದ್ದು. ಬಿಸಿ ಎಂಜಿನ್‌ನಲ್ಲಿ ಅದು ಬೇಗನೆ ಮತ್ತೆ ಕುಗ್ಗುತ್ತದೆ, ತಂತಿಯೂ ದುರ್ಬಲವಾಗುತ್ತದೆ.

ಹೇಳಿಕೆ 3: ‘ದಪ್ಪ ತಂತಿ ಇದ್ದರೆ ಮುರಿಯುವುದಿಲ್ಲ’

ಪೂರ್ತಿ ನಿಜವಲ್ಲ. ವಾಲ್ವ್ ಸ್ಪ್ರಿಂಗ್ ಹೆಚ್ಚಾಗಿ ಮುರಿಯುವುದು ದಣಿವಿನಿಂದ. ಲಕ್ಷಾಂತರ ಸಲ ಅಮುಕಿ ಬಿಟ್ಟಾಗ ಮೈಮೇಲಿನ ಸಣ್ಣ ಗೀರು, ತುಕ್ಕಿನ ಚುಕ್ಕೆಯಿಂದ ಬಿರುಕು ಆರಂಭವಾಗಿ ಒಳಗೆ ಸಾಗುತ್ತದೆ. ಅದಕ್ಕೇ ಒಳ್ಳೆಯ ಸ್ಪ್ರಿಂಗ್‌ಗಳಿಗೆ ಶುದ್ಧವಾದ ಕ್ರೋಮ್-ಸಿಲಿಕಾನ್ ಉಕ್ಕಿನ ತಂತಿ ಬಳಸುತ್ತಾರೆ. ಸಣ್ಣ ಸಣ್ಣ ಉಕ್ಕಿನ ಗುಂಡುಗಳನ್ನು ಬಡಿದು ಮೈಯನ್ನು ಬಿಗಿಗೊಳಿಸುತ್ತಾರೆ. ಇದಕ್ಕೆ ಶಾಟ್ ಪೀನಿಂಗ್ ಎನ್ನುತ್ತಾರೆ.

ಕೊಡಗಿನವರಿಗೆ ಈ ಮಾತು ಹೆಚ್ಚು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬಟ್ಟೆಯೇ ಒಣಗದ ಕಡೆ, ಶೆಡ್ಡಿನ ಡಬ್ಬದಲ್ಲಿ ಹಾಗೇ ಬಿದ್ದಿರುವ ಬರಿಮೈ ಸ್ಪ್ರಿಂಗ್‌ಗೆ ತುಕ್ಕು ಹಿಡಿಯದೆ ಇರದು. ಮರಳು ಕಾಗದದಿಂದ ಉಜ್ಜಿದರೆ ಬಣ್ಣ ಹೋಗುತ್ತದೆ, ಗುಳಿ ಉಳಿಯುತ್ತದೆ. ಅಂಥದ್ದನ್ನು ಹಾಕಬೇಡಿ. ಬಿಡಿ ಸ್ಪ್ರಿಂಗ್‌ಗಳನ್ನು ಎಣ್ಣೆ ಸವರಿ, ಮುಚ್ಚಿದ ಚೀಲದಲ್ಲಿಡಿ. ಇಕ್ಕಳದಿಂದ ಹಿಡಿಯಬೇಡಿ, ಅದರ ಹಲ್ಲಿನ ಗುರುತೇ ನಾಳೆಯ ಬಿರುಕು.

ಇನ್ನೊಂದು ಶತ್ರು ಕಂಪನ. ಪ್ರತಿ ಸ್ಪ್ರಿಂಗ್‌ಗೂ ತನ್ನದೇ ಆದ ಸಹಜ ಕಂಪನವಿದೆ. ಕೆಲವು ವೇಗಗಳಲ್ಲಿ ಕ್ಯಾಮ್‌ನ ಬಡಿತ ಅದಕ್ಕೆ ತಾಳ ಹಾಕಿದಂತಾಗಿ ಸುರುಳಿಗಳೊಳಗೆ ಅಲೆ ಏಳುತ್ತದೆ, ಬಲ ಏರುಪೇರಾಗುತ್ತದೆ. ಒಂದರೊಳಗೊಂದು ಇಟ್ಟ ಜೋಡಿ ಸ್ಪ್ರಿಂಗ್ ಇದಕ್ಕೊಂದು ಮದ್ದು. ಎರಡರ ಕಂಪನ ಬೇರೆ ಬೇರೆ, ಸುರುಳಿ ಸುತ್ತಿದ ದಿಕ್ಕೂ ವಿರುದ್ಧ. ಒಂದು ಮುರಿದರೆ ಇನ್ನೊಂದು ವಾಲ್ವನ್ನು ಹಿಡಿದಿಟ್ಟು ಎಂಜಿನ್ ಉಳಿಸಲೂಬಹುದು. ಮೇಲ್ಭಾಗ ಕಿರಿದಾಗುವ ಜೇನುಗೂಡಿನಾಕಾರದ ಸ್ಪ್ರಿಂಗ್ ಇನ್ನೊಂದು ಮದ್ದು. ಅದರ ಮೇಲಿನ ರಿಟೇನರ್ ಚಿಕ್ಕದಾಗುವುದರಿಂದ ಓಡಾಡುವ ತೂಕ ಕಡಿಮೆಯಾಗುತ್ತದೆ. ತೂಕ ಇಳಿದರೆ ಅದೇ ವೇಗಕ್ಕೆ ಕಡಿಮೆ ಬಲ ಸಾಕು.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಯಾವಾಗ ಬೇಕು?

ಮೂರು ಸಂದರ್ಭಗಳಲ್ಲಿ: ವಾಲ್ವನ್ನು ಹೆಚ್ಚು ಎತ್ತುವ ಅಥವಾ ಥಟ್ಟನೆ ಎತ್ತುವ ಕ್ಯಾಮ್ ಹಾಕಿದಾಗ, ಆರ್‌ಪಿಎಂ ಮಿತಿಯನ್ನು ಏರಿಸಿದಾಗ, ಟರ್ಬೊ ಅಥವಾ ಸೂಪರ್‌ಚಾರ್ಜರ್ ಸೇರಿಸಿದಾಗ. ಟರ್ಬೊ ಏಕೆ? ಒತ್ತಡದ ಗಾಳಿ ಇನ್‌ಟೇಕ್ ವಾಲ್ವ್‌ನ ಬೆನ್ನನ್ನು ತಳ್ಳಿ ತೆರೆಯಲು ನೋಡುತ್ತದೆ. 35 ಮಿ.ಮೀ. ಅಗಲದ ವಾಲ್ವ್ ಮೇಲೆ 1 ಬಾರ್ ಬೂಸ್ಟ್ ಇದ್ದರೆ ಆ ತಳ್ಳುವಿಕೆ ಸುಮಾರು 10 ಕೆಜಿ. ನಮ್ಮ ಉದಾಹರಣೆಯ 35 ಕೆಜಿಯಲ್ಲಿ ಉಳಿಯುವುದು 25 ಮಾತ್ರ.

ಸ್ಪ್ರಿಂಗ್‌ಗೂ ಒಂದು ಮಿತಿ ಇದೆ ಎನ್ನುವುದಕ್ಕೆ ಮೋಟಾರು ಪಂದ್ಯಗಳ ಇತಿಹಾಸವೇ ಸಾಕ್ಷಿ. 1954ರಲ್ಲಿ ಮರ್ಸಿಡಿಸ್ ತನ್ನ ಗ್ರ್ಯಾನ್ ಪ್ರಿ ಕಾರಿನಲ್ಲಿ ವಾಲ್ವ್ ಮುಚ್ಚಲೂ ಕ್ಯಾಮನ್ನೇ ಬಳಸಿತು. 1986ರಲ್ಲಿ ರೆನೊ ಕಂಪನಿ ಫಾರ್ಮುಲಾ ಒನ್ ಎಂಜಿನ್‌ನಲ್ಲಿ ಉಕ್ಕಿನ ಸ್ಪ್ರಿಂಗ್ ಬಿಟ್ಟು ಒತ್ತಡದ ಗಾಳಿಯ ಸ್ಪ್ರಿಂಗ್ ತಂದಿತು. ‘ಇನ್ನೂ ಗಟ್ಟಿ, ಇನ್ನೂ ಗಟ್ಟಿ’ ಎಂಬುದೇ ಉತ್ತರವಾಗಿದ್ದರೆ ಅವರಿಗೆ ಆ ತಾಪತ್ರಯ ಬೇಕಿರಲಿಲ್ಲ.

ಘಾಟಿ ರಸ್ತೆಯ ಅಪಾಯ

‘ಆರ್‌ಪಿಎಂ ಲಿಮಿಟರ್ ಇದೆ, ಎಂಜಿನ್‌ಗೆ ಏನೂ ಆಗದು’ ಎಂಬ ಮಾತೂ ಇದೆ. ಲಿಮಿಟರ್ ಇಂಧನವನ್ನೋ ಕಿಡಿಯನ್ನೋ ತಡೆಯುತ್ತದೆ. ಆದರೆ ಮಾಕುಟ್ಟ ಘಾಟಿ ಇಳಿಯುವಾಗ ಒಂದು ಗೇರ್ ಇಳಿಸಲು ಹೋಗಿ ಎರಡು ಇಳಿದರೆ ಎಂಜಿನ್ನನ್ನು ತಿರುಗಿಸುವುದು ಇಂಧನವಲ್ಲ, ಉರುಳುತ್ತಿರುವ ಚಕ್ರಗಳು. ಲಿಮಿಟರ್ ಅದನ್ನು ತಡೆಯಲಾರದು. ಸ್ಪ್ರಿಂಗ್ ಸೋತಿದ್ದರೆ ವಾಲ್ವ್ ತೇಲುವುದು ಇಂಥ ಕ್ಷಣದಲ್ಲೇ. ಕಾರಿನ ಎಂಜಿನ್ ಅಲ್ಲೇ ನಿಂತರೆ ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕೂಡ. ಆದ್ದರಿಂದ ಇದು ಪಂದ್ಯ ಗೆಲ್ಲುವವರಿಗಷ್ಟೇ ಸೇರಿದ ವಿಷಯವಲ್ಲ.

ಆಯ್ಕೆ ಮಾಡುವಾಗ ಏನು ನೋಡಬೇಕು?

1. ಮೊದಲು ಕ್ಯಾಮ್, ಆಮೇಲೆ ಸ್ಪ್ರಿಂಗ್. ಕ್ಯಾಮ್ ತಯಾರಕರು ಹೇಳುವ ಸ್ಪ್ರಿಂಗನ್ನೇ, ಸಾಧ್ಯವಾದರೆ ರಿಟೇನರ್ ಮತ್ತು ಲಾಕ್ ಸಹಿತ ಒಂದೇ ಸೆಟ್ಟಾಗಿ ತೆಗೆದುಕೊಳ್ಳಿ.

2. ನಾಲ್ಕು ಅಂಕಿ ಕೇಳಿ: ಕೂರಿಸುವ ಎತ್ತರ, ಆ ಎತ್ತರದಲ್ಲಿ ಬಲ, ಪ್ರತಿ ಮಿ.ಮೀ.ಗೆ ಹೆಚ್ಚುವ ಬಲ, ಸುರುಳಿ ತಾಗುವ ಎತ್ತರ. ಇವನ್ನು ಹೇಳಲಾಗದವರ ಬಳಿ ‘ರೇಸಿಂಗ್’ ಎಂಬ ಹಣೆಪಟ್ಟಿ ನೋಡಿ ಕೊಳ್ಳಬೇಡಿ. ಬಣ್ಣ ಗುಣಮಟ್ಟದ ಗುರುತಲ್ಲ.

3. ಬಿಲ್ಲು, ಪಾರ್ಟ್ ನಂಬರ್ ಇರುವ ಹೊಸ ಸೆಟ್ ಕೊಳ್ಳಿ. ಗುಜರಿಯ ಸ್ಪ್ರಿಂಗ್ ಎಷ್ಟು ಕಿಲೋಮೀಟರ್ ಓಡಿದೆಯೋ ಮೈ ನೋಡಿ ತಿಳಿಯದು.

4. ಹೊಸದಾದರೂ ಪ್ರತಿಯೊಂದನ್ನೂ ಹೆಡ್ ಕೆಲಸ ಮಾಡುವ ವರ್ಕ್‌ಶಾಪ್‌ನ ಸ್ಪ್ರಿಂಗ್ ಟೆಸ್ಟರ್‌ನಲ್ಲಿ ಅಳೆಸಿ, ಬರೆದಿಡಿ. ಮುಂದೆ ಹೆಡ್ ಬಿಚ್ಚಿದಾಗ ಮತ್ತೆ ಅಳೆಸಿ. ಬಲ ಶೇ 10ರಷ್ಟು ಇಳಿದಿದ್ದರೆ ಬದಲಾಯಿಸುವುದು ರೂಢಿ.

5. ಸುರುಳಿಗಳ ಅಂತರ ಸಮನಾಗಿಲ್ಲದ ಸ್ಪ್ರಿಂಗ್ ಆದರೆ ಒತ್ತೊತ್ತಾಗಿರುವ ತುದಿ ಸಾಮಾನ್ಯವಾಗಿ ಕೆಳಗೆ, ಹೆಡ್‌ನ ಕಡೆಗೆ ಬರಬೇಕು. ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಿ.

6. ಕ್ಯಾಮ್ ಬದಲಾಗಿದ್ದರೆ ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಇಟ್ಟು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ವಾಲ್ವ್‌ಗೂ ಪಿಸ್ಟನ್‌ಗೂ ಇರುವ ಅಂತರ ಅಳೆಯಿರಿ.

ಫಾರ್ವರ್ಡ್ ಮಾಡುವ ಮುನ್ನ

ಗಟ್ಟಿಯಾದದ್ದೇ ಒಳ್ಳೆಯದು ಎಂಬ ನಂಬಿಕೆ ನಮಗೆ ಬಾಗಿಲ ಚಿಲಕ, ಚಪ್ಪಲಿ, ಹಗ್ಗ ಕಲಿಸಿದ್ದು. ಸ್ಪ್ರಿಂಗ್ ವಿಷಯದಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಭರವಸೆ ಇಡಬಹುದಾದ ಸ್ಪ್ರಿಂಗ್ ಎಂದರೆ ಆ ಕ್ಯಾಮ್‌ಗೆ, ಆ ವೇಗಕ್ಕೆ, ಆ ತೂಕಕ್ಕೆ ಬೇಕಾದಷ್ಟೇ ಬಲವಿದ್ದು, ಅದನ್ನು ಬಹುಕಾಲ ಉಳಿಸಿಕೊಳ್ಳುವಂಥದ್ದು. ಸಂದೇಶದಲ್ಲಿ ಯಾವ ಎಂಜಿನ್, ಯಾವ ಕ್ಯಾಮ್, ಎಷ್ಟು ಆರ್‌ಪಿಎಂ ಎಂಬ ಮೂರು ಮಾತು ಇಲ್ಲದಿದ್ದರೆ ಅದು ಸಲಹೆಯಲ್ಲ, ಬರೀ ಊಹೆ. ಅಂಥದ್ದನ್ನು ಮುಂದಕ್ಕೆ ಕಳಿಸಬೇಡಿ, ಅದನ್ನು ನಂಬಿ ಹೆಡ್ ಬಿಚ್ಚಲೂಬೇಡಿ.