ಮರೆವು ದಡ್ಡತನವಲ್ಲ!

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಹಳ್ಳಿಯ ಮಕ್ಕಳು ಪಿಯುಸಿ ವಿಜ್ಞಾನಕ್ಕೆಂದು ಹುಬ್ಬಳ್ಳಿ-ಧಾರವಾಡಕ್ಕೆ ಬರುತ್ತಾರೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಎದ್ದು ನಿಂತು ಕೇಳಲು ನಾಚಿಕೆ. ಅಪ್ಪ ಸಾಲ ಮಾಡಿ ಫೀ ಕಟ್ಟಿದ್ದಾನೆಂಬ ಅಳುಕು ಬೇರೆ. ರಾತ್ರಿಯಿಡೀ ಬಾಯಿಪಾಠ ಮಾಡಿದ್ದು ಪರೀಕ್ಷೆಯ ಕೋಣೆಯಲ್ಲಿ ಮಾಯ! ಕೂಡಲೇ ತೀರ್ಪು ಸಿದ್ಧ: "ಇವನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ."

ಇದು ಸುಳ್ಳು, ಗೆಳೆಯರೇ! ತಲೆ ಒಂದೇ, ಹೊರೆ ಎರಡು. ಪಾಠ ಹಿಡಿಯಬೇಕಾದ ಗಮನವನ್ನು ಪರಭಾಷೆ ಒಂದು ಕಡೆ, ಭಯ ಇನ್ನೊಂದು ಕಡೆ ಎಳೆಯುತ್ತವೆ. ಆತಂಕ ಮಿತಿಮೀರಿದಾಗ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನು, ಮಿದುಳಿನಲ್ಲಿ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್‌ನ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಕಲಿತದ್ದು ಒಳಗಿದ್ದರೂ ಬೇಕಾದ ಹೊತ್ತಿಗೆ ಹೊರಬಾರದು. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಓದುವುದೆಂದರೆ ಬೀಜ ಬಿತ್ತಿ ಮಣ್ಣು ಮುಚ್ಚದೆ ಬಿಟ್ಟಂತೆ.

ನೀಟ್ ಪರೀಕ್ಷೆ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿವೆ. ದಿಲ್ಲಿಗೆ ತಿಳಿದದ್ದು ನಮ್ಮೂರ ಕಾಲೇಜುಗಳಿಗೆ ತಿಳಿಯಬಾರದೇ? ಕಠಿಣ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಕಾಲೇಜಿಗೊಬ್ಬರು ಕನ್ನಡ ಬಲ್ಲ ಆಪ್ತಸಮಾಲೋಚಕರಿರಲಿ. ಇದು ಭಿಕ್ಷೆಯಲ್ಲ, ಹಕ್ಕು!

ವಿದ್ಯಾರ್ಥಿ ಮಿತ್ರರೇ, ಮನಸ್ಸು ಕುಗ್ಗಿದರೆ ಮುಚ್ಚಿಡಬೇಡಿ. ಧಾರವಾಡದಲ್ಲೇ ಡಿಮ್ಹಾನ್ಸ್ ಆಸ್ಪತ್ರೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ. ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಬೆಂಚಿನ ಗೆಳೆಯ ಮಂಕಾಗಿದ್ದರೆ ನೀವೇ ಮೊದಲು ಮಾತಾಡಿಸಿ. ನಮ್ಮ ಮಕ್ಕಳಿಗೆ ಬುದ್ಧಿಯ ಬರವಿಲ್ಲ. ಬೇಕಾದದ್ದು ಧೈರ್ಯ, ನಿದ್ದೆ, ತಮ್ಮದೇ ಮಾತು!