ಅಮ್ಮನ ಉಪವಾಸ, ನನ್ನ ಚಾಕೊಲೇಟ್

ಹೋದ ಸಲ ಬಾಡಿಗೆ ಮನೆ ಹುಡುಕಾಟದ ಕಥೆ ಬರೆದಾಗ "ಆರೋಗ್ಯದ ಬಗ್ಗೆ ಯಾವಾಗ ಬರೀತೀಯಾ?" ಅಂತ ಮೂರ್ನಾಲ್ಕು ಜನ ಕೇಳಿದ್ರಿ. ಮೂರು ನೈಟ್ ಡ್ಯೂಟಿ ಮುಗಿಸಿ ಇವತ್ತು ರಜೆ, ಅದಕ್ಕೇ ಕೂತೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ. ಕಾಫಿ ಬಿಟ್ಟಿರೋರು ಬಿಸಿನೀರು ಇಟ್ಕೊಳ್ಳಿ.

ಬೂದಿ ಬುಧವಾರ ಕಳೆದು ಹತ್ತು ದಿನ ಆಯ್ತು. ಈ ವರ್ಷ ನೋಡಿ, ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ನಮ್ಮ ಬೂದಿ ಬುಧವಾರ, ಅದೇ ವಾರ ರಂಜಾನ್ ಉಪವಾಸವೂ ಶುರು. ನಮ್ಮ ಹೈಸ್ಕೂಲ್ ಗ್ರೂಪಿನಲ್ಲಿ ಒಂದು ವಾರ ಯಾರೂ ಬಿರಿಯಾನಿ ಫೋಟೋ ಹಾಕಲಿಲ್ಲ. ಗ್ರೂಪ್ ಶುರುವಾದ ಮೇಲೆ ಇದೇ ಮೊದಲು ಅನ್ಸುತ್ತೆ. ಹಾಗಾಗಿ ಇದು ಬರೀ ಚರ್ಚಿನವರಿಗೆ ಬರೆದಿದ್ದಲ್ಲ, ಉಪವಾಸ ಮಾಡೋ ಎಲ್ಲರೂ ಓದಿ.

ಇಲ್ಲಿ ಇಂಗ್ಲೆಂಡಿನಲ್ಲಿ ತಪಸ್ಸು ಕಾಲ ಶುರುವಾಗೋದು ಪ್ಯಾನ್‌ಕೇಕ್‌ನಿಂದ. ಬೂದಿ ಬುಧವಾರದ ಹಿಂದಿನ ದಿನ ಮನೆಮನೆಯಲ್ಲೂ ಅದೇ. ಹಿಂದಿನ ಕಾಲದಲ್ಲಿ ಉಪವಾಸಕ್ಕೆ ಮೊದಲು ಮನೆಯಲ್ಲಿರೋ ಮೊಟ್ಟೆ, ಹಾಲು, ಬೆಣ್ಣೆ ಖಾಲಿ ಮಾಡೋಕೆ ಅಂತ ಬಂದ ಪದ್ಧತಿ. ಈಗ ಉಪವಾಸ ಹೋಗಿದೆ, ಖಾಲಿ ಮಾಡೋದು ಉಳಿದಿದೆ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಈ ಸಲ ಏನು ಬಿಡ್ತಿದ್ದೀಯಾ?" ಮದುವೆಗೆ, ಮಣ್ಣಿಗೆ ಬಿಟ್ಟರೆ ಚರ್ಚಿನ ಕಡೆ ತಲೆ ಹಾಕದವರೂ ಕೇಳ್ತಾರೆ. ಒಬ್ಬಳು ಚಾಕೊಲೇಟ್ ಬಿಡ್ತಾಳೆ, ಒಬ್ಬ ವೈನ್ ಬಿಡ್ತಾನೆ, ಇನ್ನೊಬ್ಬಳು ರಾತ್ರಿ ಫೋನ್ ನೋಡೋದು ಬಿಡ್ತೀನಿ ಅಂತಾಳೆ. ಹೆಚ್ಚಿನವರಿಗೆ ಕಾರಣ ದೇವರಲ್ಲ, ಬೇಸಿಗೆ ರಜೆಗೆ ಸ್ಪೇನಿಗೆ ಹೋಗೋ ಹೊತ್ತಿಗೆ ಹೊಟ್ಟೆ ಕರಗಬೇಕು.

ನಮ್ಮ ಕೆಲವು ಹಿರಿಯರು ಇದನ್ನ ಕೇಳಿದರೆ ಬೈತಾರೆ, ತಪಸ್ಸು ಕಾಲ ಅಂದ್ರೆ ಡಯಟ್ಟಾ ಅಂತ. ನಾನು ಬೈಯಲ್ಲ. ಯಾವ ನೆಪದಿಂದಾದರೂ ಮನುಷ್ಯ ಒಂದು ಕೆಟ್ಟ ಅಭ್ಯಾಸ ಬಿಟ್ಟರೆ ಬಿಡಲಿ. ನನ್ನ ತಕರಾರು ಬೇರೆ. ಬಿಡುವಾಗ ನಾವು ಉಪವಾಸದ ಹಾಗೆ ಕಾಣೋದನ್ನ ಬಿಡ್ತೀವಿ, ಮೈ ಕೆಡಿಸ್ತಿರೋದನ್ನ ಹಾಗೇ ಇಟ್ಕೋತೀವಿ. ಕೆಲವರಂತೂ ಬಿಡಲೇಬಾರದ್ದನ್ನ ಬಿಟ್ಟು ಪ್ರಾಣಕ್ಕೆ ತಂದ್ಕೋತಾರೆ.

ಮೊದಲು ನನ್ನದೇ ಹೇಳ್ತೀನಿ. ಇಲ್ಲಿಗೆ ಬಂದ ಮೇಲೆ ಮೂರು ವರ್ಷ ಸತತವಾಗಿ ಚಾಕೊಲೇಟ್ ಬಿಟ್ಟೆ. ವಾರ್ಡಿನಲ್ಲಿ ಅದು ಸುಲಭ ಅಲ್ಲ. ಡಿಸ್ಚಾರ್ಜ್ ಆದ ಪ್ರತಿ ಪೇಶೆಂಟಿನ ಮನೆಯವರೂ ಒಂದು ಡಬ್ಬಿ ಕೊಟ್ಟು ಹೋಗ್ತಾರೆ, ರಾತ್ರಿ ಮೂರು ಗಂಟೆಗೆ ಆ ಡಬ್ಬಿ ಹೆಸರು ಹಿಡಿದು ಕರೆಯುತ್ತೆ. ಆದರೂ ಗೆದ್ದೆ. ಎರಡೂವರೆ ಕೆಜಿ ಇಳಿದೆ, ಅಮ್ಮನಿಗೆ ಫೋಟೋ ಕಳಿಸಿದೆ. ಆದರೆ ಆ ನಲವತ್ತು ದಿನ ಚಾಕೊಲೇಟ್ ಬದಲು ಟೋಸ್ಟ್ ಮೇಲೆ ಜಾಮ್ ಬಳಕೊಂಡು ತಿಂದಿದ್ದನ್ನ ಯಾರಿಗೂ ಹೇಳಲಿಲ್ಲ. ಈಸ್ಟರ್ ದಿನ ಬೆಳಗ್ಗೆ ಮಕ್ಕಳ ಚಾಕೊಲೇಟ್ ಮೊಟ್ಟೆಗೆ ಕೈ ಹಾಕಿದವಳು ಜೂನ್ ಹೊತ್ತಿಗೆ ಮೂರು ಕೆಜಿ ಏರಿದ್ದೆ. ಅಂದ್ರೆ ತಪಸ್ಸು ಮಾಡಿ ಅರ್ಧ ಕೆಜಿ ಲಾಭ.

ಶುಕ್ರವಾರದ ಕಥೆಯೂ ಅಷ್ಟೇ. ಮಾಂಸ ಇಲ್ಲ ಅಂತ ಆಸ್ಪತ್ರೆ ಕ್ಯಾಂಟೀನಿನಲ್ಲಿ ಹಿಟ್ಟಲ್ಲಿ ಅದ್ದಿ ಎಣ್ಣೆಯಲ್ಲಿ ಮುಳುಗಿಸಿ ಕರಿದ ಮೀನು, ಜೊತೆಗೆ ಒಂದು ರಾಶಿ ಆಲೂಗಡ್ಡೆ ಚಿಪ್ಸ್. ಊರಲ್ಲಿ ಕೋಳಿಸಾರು ಬಿಟ್ಟು ಮೀನು ಫ್ರೈ ಮಾಡಲ್ವಾ, ಹಾಗೇ. ನಿಯಮ ಮುರಿದಿಲ್ಲ ನಿಜ, ಆದರೆ ಅದನ್ನ ತ್ಯಾಗ ಅಂತ ಕರೆಯೋಕೆ ನನಗೆ ನಾಚಿಕೆ ಆಗುತ್ತೆ.

ಈಗ ಅಮ್ಮನ ವಿಷಯ. ಇದನ್ನ ಬರೀಬೇಕೋ ಬೇಡ್ವೋ ಅಂತ ಒಂದು ವರ್ಷ ಯೋಚಿಸಿದೀನಿ. ಅಮ್ಮನೇ ಮೊನ್ನೆ "ಬರಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಅಂದ್ಲು.

ಅಮ್ಮನಿಗೆ 67 ವರ್ಷ, ಹನ್ನೊಂದು ವರ್ಷದಿಂದ ಶುಗರ್. ಹೋದ ವರ್ಷ ತಪಸ್ಸು ಕಾಲದ ಪ್ರತಿ ಶುಕ್ರವಾರ ಬೆಳಗ್ಗೆಯಿಂದ ಸಂಜೆ ಶಿಲುಬೆ ಹಾದಿ ಮುಗಿಯೋವರೆಗೂ ಬರೀ ನೀರು, ಒಂದು ಲೋಟ ಮಜ್ಜಿಗೆ. ಮಾರ್ಚಿನಲ್ಲಿ ಫೋನಲ್ಲಿ ಹೇಳಿದ್ಲು. ಹದಿನಾರು ವರ್ಷ ನರ್ಸ್ ಆಗಿರೋ ನಾನು ಏನು ಅಂದೆ ಗೊತ್ತಾ? "ಗಟ್ಟಿಗಿತ್ತಿ ಕಣಮ್ಮ ನೀನು!" ಬಸ್ಸಿಗೆ ಓಡ್ತಿದ್ದೆ, ಬಾಯಿಗೆ ಬಂದಿದ್ದು ಅಂದೆ. ಮಾತ್ರೆ ಯಾವುದು ತಗೋತಿದ್ದೀಯಾ ಅಂತ ಕೇಳಲಿಲ್ಲ. ವಾರ್ಡಿನಲ್ಲಿ ಗುರುತು ಪರಿಚಯ ಇಲ್ಲದ ಪ್ರತಿ ಪೇಶೆಂಟಿಗೂ ನಾನು ಕೇಳೋ ಮೊದಲ ಪ್ರಶ್ನೆ ಅದು.

ಶುಭ ಶುಕ್ರವಾರ, ಏಪ್ರಿಲ್ 18. ಬಿಸಿಲಲ್ಲಿ ಶಿಲುಬೆ ಹಾದಿ, ಒಂಬತ್ತನೇ ಸ್ಥಳದ ಹತ್ತಿರ ಮೊಣಕಾಲೂರಿದವಳು ಏಳಲಿಲ್ಲ. ಮೈಯೆಲ್ಲಾ ಬೆವರು, ಏನೇನೋ ಮಾತು. ಬಿಸಿಲಿಗೆ ತಲೆ ಸುತ್ತಿದೆ ಅಂತ ನೆರಳಲ್ಲಿ ಮಲಗಿಸಿ ಗಾಳಿ ಹಾಕಿದ್ರಂತೆ. ಇನ್ನೂ ಕೆಲವರು, ಅಳ್ತಾ ಪ್ರಾರ್ಥನೆ ಮಾಡ್ತಿದ್ದಾಳೆ ಅಂದ್ಕೊಂಡ್ರು. ಅಕ್ಕನ ಮಗ ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ. ಶುಗರ್ 46. ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ, ಡ್ಯೂಟಿ ಮಧ್ಯೆ, ಫೋನಲ್ಲಿ. ಆ ಹುಡುಗ ಹತ್ತು ನಿಮಿಷ ತಡ ಮಾಡಿದ್ರೆ ಅನ್ನೋದನ್ನ ನಾನು ಈಗಲೂ ಪೂರ್ತಿ ಯೋಚಿಸೋಕೆ ಹೋಗಲ್ಲ.

ಆಗಿದ್ದು ಇಷ್ಟೇ. ಅಮ್ಮನ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇತ್ತು. ಆ ಮಾತ್ರೆಯ ಕೆಲಸ ಮೈಯೊಳಗಿಂದ ಇನ್ಸುಲಿನ್ ಹೊರಡಿಸೋದು. ನೀವು ಉಂಡಿದ್ದೀರೋ ಬಿಟ್ಟಿದ್ದೀರೋ ಅದಕ್ಕೆ ಗೊತ್ತಾಗಲ್ಲ. ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಬರುತ್ತೆ, ಶುಗರ್ ಪಾತಾಳಕ್ಕೆ ಇಳಿಯುತ್ತೆ. ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಅಂತಿದ್ದರೂ ಇದೇ ಕಥೆ, ಇನ್ಸುಲಿನ್ ಇಂಜೆಕ್ಷನ್ ತಗೊಳ್ಳೋರಿಗೂ ಇದೇ. ಬರೀ ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೀಗಾಗೋದು ಅಪರೂಪ. ಆದರೆ ಊರಲ್ಲಿ ತುಂಬಾ ಜನಕ್ಕೆ ಎರಡೂ ಸೇರಿದ ಒಂದೇ ಮಾತ್ರೆ ಕೊಟ್ಟಿರ್ತಾರೆ. ದಯವಿಟ್ಟು ಇವತ್ತೇ ಎದ್ದು ಹೋಗಿ ಮನೆಯಲ್ಲಿ ಹಿರಿಯರ ಮಾತ್ರೆ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಓದಿ. ಉಪವಾಸ ಇದೆ ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಅದೂ ಅಪಾಯವೇ. ಡಾಕ್ಟರ ಹತ್ತಿರ ಪಟ್ಟಿ ತೋರಿಸಿ, ಇಂಥ ದಿನ ಊಟ ತಡ ಆಗುತ್ತೆ, ಏನು ಮಾಡಲಿ ಅಂತ ಕೇಳಿ.

ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಕಡಿಮೆ ಅಂತಲೇ ಲೆಕ್ಕ. (ಇಲ್ಲಿನ ಮೀಟರಿನಲ್ಲಿ ಅದು 4. ಬಂದ ಹೊಸದರಲ್ಲಿ ಶುಗರ್ 9 ಅಂತ ಓದಿ ನನ್ನ ಎದೆ ಧಸಕ್ ಅಂದಿತ್ತು!) ಬೆವರು, ನಡುಕ, ಎದೆ ಹೊಡ್ಕೊಳ್ಳೋದು, ಸುಮ್ಮನೆ ಸಿಟ್ಟು, ತೊದಲು ಮಾತು, ಇವು ಲಕ್ಷಣ. ಎಚ್ಚರ ಇದ್ದು ನುಂಗೋಕೆ ಆಗ್ತಿದ್ದರೆ ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಚೆಕ್ ಮಾಡಿ, ಸರಿಯಾದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ತೀರ್ಥವೂ ಬೇಡ. ನೇರ ಆಸ್ಪತ್ರೆಗೆ ಕರ್ಕೊಂಡು ಹೋಗಿ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಒಮ್ಮೆ ಸರಿಹೋದ ಶುಗರ್ ಮತ್ತೆ ಇಳಿಯಬಹುದು, ಯಾಕಂದ್ರೆ ಮಾತ್ರೆ ಇನ್ನೂ ಒಳಗೆ ಇರುತ್ತೆ.

ನನಗೆ ಹೊಟ್ಟೆ ಉರಿಯೋದು ಏನಂದ್ರೆ, ಅಮ್ಮ ಆ ಉಪವಾಸ ಮಾಡಬೇಕಾಗೇ ಇರಲಿಲ್ಲ. ಧರ್ಮಸಭೆಯ ನಿಯಮ ನೋಡಿ. ಉಪವಾಸ ಕಡ್ಡಾಯ ಇರೋದು ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವಯಸ್ಸಿನವರಿಗೆ. ಅವತ್ತೂ ಒಂದು ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ಊಟ ಮಾಡಬಹುದು. ಕಾಯಿಲೆ ಇದ್ದವರಿಗೆ, ಬಸುರಿಯರಿಗೆ ವಿನಾಯಿತಿ. ಇದನ್ನ ಅಮ್ಮನಿಗೆ ಹೇಳಿದರೆ, "ನಮ್ಮವ್ವ ಎಂಬತ್ತರಲ್ಲೂ ಮಾಡಿರಲಿಲ್ವಾ?" ಅಂದ್ಲು. ಮಾಡಿದ್ದಳು ನಿಜ. ಅವ್ವನಿಗೆ ಶುಗರ್ ಇರಲಿಲ್ಲ, ಗ್ಲಿಮೆಪಿರೈಡ್ ಕೊಡೋರೂ ಇರಲಿಲ್ಲ.

ನನ್ನ ಜೊತೆ ಕೆಲಸ ಮಾಡೋ ಮುಸ್ಲಿಂ ಗೆಳತಿಯನ್ನ ನೋಡಿ ಕಲಿತಿದ್ದು ಒಂದಿದೆ. ಅವಳ ಅಪ್ಪನಿಗೆ ಶುಗರ್. ರಂಜಾನಿಗೆ ಎರಡು ತಿಂಗಳು ಮೊದಲೇ ಡಾಕ್ಟರ ಹತ್ತಿರ ಹೋಗಿ ಉಪವಾಸ ಮಾಡಬಹುದಾ, ಮಾತ್ರೆ ಸಮಯ ಬದಲಾಯಿಸಬೇಕಾ ಅಂತ ಕೇಳ್ಕೊಂಡು ಬರ್ತಾರೆ. ಇಲ್ಲಿನ ಶುಗರ್ ಕ್ಲಿನಿಕ್ಕುಗಳಲ್ಲಿ ನರ್ಸುಗಳೇ ಕೇಳ್ತಾರೆ, ರಂಜಾನ್ ಬರ್ತಿದೆ, ಏನು ಮಾಡ್ತೀರಿ ಅಂತ. ತಪಸ್ಸು ಕಾಲದ ಬಗ್ಗೆ ನನ್ನನ್ನ ಯಾರೂ ಕೇಳಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ನಮ್ಮ ಫಾದರ್‌ಗಳು ಬೂದಿ ಬುಧವಾರದ ಹಿಂದಿನ ಭಾನುವಾರ ಪ್ರಸಂಗದ ಕೊನೆಗೆ ಎರಡು ನಿಮಿಷ ಇದನ್ನ ಹೇಳಿದರೆ ಎಷ್ಟು ಒಳ್ಳೇದು. ಮಗಳು ಹೇಳಿದರೆ ಕೇಳದ ಅಮ್ಮಂದಿರು ಫಾದರ್ ಹೇಳಿದರೆ ಕೇಳ್ತಾರೆ.

ಇನ್ನು ಕುಡಿತ. ತಪಸ್ಸು ಕಾಲದಲ್ಲಿ ಬಾಟಲಿ ಮುಟ್ಟದ ಗಂಡಸರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅವರ ಮೇಲೆ ನನಗೆ ಗೌರವ ಇದೆ. ಆ ನಲವತ್ತು ದಿನ ಆ ಮನೆಗಳ ಹೆಂಗಸರ ಮುಖವೇ ಬೇರೆ ಇರುತ್ತೆ. ಆದರೆ ವರ್ಷಗಟ್ಟಲೆ ದಿನಾ ಜೋರಾಗಿ ಕುಡಿಯೋರು, ಬೆಳಗ್ಗೆ ಎದ್ದರೆ ಕೈ ನಡುಗೋರು, ಒಂದೇ ಏಟಿಗೆ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು, ಕೂಗಾಡೋದು ಶುರುವಾದರೆ ಜೀವಕ್ಕೇ ಅಪಾಯ. ನಮ್ಮ ಕಡೆ ಇದನ್ನ ಗಾಳಿ ಹಿಡಿದಿದೆ ಅಂತಾರೆ. ನಮ್ಮ ವಾರ್ಡಿಗೆ ಒಬ್ಬ ಅಜ್ಜ ಹೀಗೇ ಬಂದಿದ್ದರು, ಬೂದಿ ಬುಧವಾರ ವಿಸ್ಕಿ ಬಿಟ್ಟು ಶುಕ್ರವಾರ ಫಿಟ್ಸ್. ಹೆಚ್ಚು ಹೇಳೋ ಹಾಗಿಲ್ಲ, ಕೆಲಸ ಹೋಗುತ್ತೆ. ಬಿಡಬೇಡಿ ಅಂತಿಲ್ಲ ನಾನು, ಡಾಕ್ಟರಿಗೆ ಹೇಳಿ ಬಿಡಿ. ಅದಕ್ಕೆ ಮಾತ್ರೆ ಇದೆ, ವಿಟಮಿನ್ ಇಂಜೆಕ್ಷನ್ ಇದೆ.

ಹಾಗಾದರೆ ಆರೋಗ್ಯಕ್ಕೆ ಏನು ಬಿಡೋದು? ನನ್ನ ಕೇಳಿದರೆ, ವಾರಕ್ಕೊಂದು ಸಲ ತಿನ್ನೋ ಕೋಳಿಸಾರನ್ನಲ್ಲ, ದಿನಾ ಗಮನಕ್ಕೇ ಬಾರದೆ ಒಳಗೆ ಹೋಗೋದನ್ನ. ದಿನಕ್ಕೆ ನಾಲ್ಕು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 4 ಗ್ರಾಂ ಅಂದ್ರೂ 32 ಗ್ರಾಂ ಆಯ್ತು. ಇಲ್ಲಿನ ಸರ್ಕಾರಿ ಆರೋಗ್ಯ ಇಲಾಖೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳೋ ಮಿತಿ 30. ಬಿಸ್ಕೆಟ್, ಬನ್ನು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಉಪ್ಪು ದಿನಕ್ಕೆ 5 ಗ್ರಾಂ, ಅಂದ್ರೆ ಹೆಚ್ಚುಕಡಿಮೆ ಒಂದು ಟೀ ಚಮಚ, ಅದಕ್ಕಿಂತ ಕಡಿಮೆ ಇರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಉಪವಾಸದ ಊಟ ಅಂತ ಗಂಜಿ ಮಾಡಿ, ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿ ಒಣಗಿಸಿದ ಮೆಣಸಿನಕಾಯಿ ಇಟ್ಕೋತೀವಿ. ನೋಡೋಕೆ ಬಡವರ ಊಟ. ಬಿಪಿ, ಶುಗರ್ ಎರಡೂ ಇದ್ದವರಿಗೆ ಅಷ್ಟೇನೂ ಒಳ್ಳೆಯದಲ್ಲ.

ಅಭ್ಯಾಸದ ಬಗ್ಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನಿಟ್ಟುಕೊಂಡು ಮಾಡಿದ ಒಂದು ಅಧ್ಯಯನ ಇದೆ, 2010ರಲ್ಲಿ ಅಚ್ಚಾಗಿದ್ದು. ಹೊಸ ಅಭ್ಯಾಸ ಯೋಚಿಸದೆಯೇ ನಡೆಯೋ ಹಂತಕ್ಕೆ ಬರೋಕೆ ಸಾಮಾನ್ಯವಾಗಿ ಹಿಡಿದಿದ್ದು 66 ದಿನ, ಕೆಲವರಿಗೆ 18, ಕೆಲವರಿಗೆ 254. ಅಂದ್ರೆ ನಮ್ಮ ನಲವತ್ತು ದಿನ ಸಾಲಲ್ಲ. ನನ್ನ ಚಾಕೊಲೇಟ್ ವಾಪಸ್ ಬಂದಿದ್ದೂ ಅದಕ್ಕೇ ಇರಬೇಕು. ಬೂದಿ ಬುಧವಾರದಿಂದ ಎಣಿಸಿದರೆ 66ನೇ ದಿನ ಬರೋದು ಈಸ್ಟರ್ ಆಗಿ ಹತ್ತೊಂಬತ್ತು ದಿನಕ್ಕೆ. ಈಸ್ಟರ್ ದಿನ ಹೊಟ್ಟೆ ತುಂಬಾ ಉಂಡು, ಮಾರನೇ ದಿನದಿಂದ ಇನ್ನು ಹತ್ತೊಂಬತ್ತು ದಿನ ಎಳೆದು ನೋಡೋಣ ಅಂತ ಈ ಸಲ ನನ್ನ ಲೆಕ್ಕ. ಚಾಕೊಲೇಟ್ ಅಲ್ಲ, ಟೀ ಸಕ್ಕರೆ ಮತ್ತು ಆ ಜಾಮ್.

ದುಡ್ಡಿನ ಮಾತೂ ಹೇಳಿಬಿಡ್ತೀನಿ. ಬಿಟ್ಟಿದ್ದರ ದುಡ್ಡು ನಮ್ಮ ಜೇಬಲ್ಲೇ ಉಳಿದರೆ ಅದು ಉಳಿತಾಯ ಅಷ್ಟೇ. ಬೂದಿ ಬುಧವಾರ ಕಳೆದ ಶುಕ್ರವಾರ ಪೂಜೆಯಲ್ಲಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದ್ತಾರೆ, ಹಸಿದವರ ಜೊತೆ ಅನ್ನ ಹಂಚಿಕೊಳ್ಳೋದೇ ಉಪವಾಸ ಅನ್ನೋ ಅರ್ಥದ ಭಾಗ. ಆರೋಗ್ಯಕ್ಕೆ ಅಂತ ಬಿಟ್ಟರೂ ಆ ಒಂದು ಅಂಶ ಸೇರಿಸ್ಕೊಳ್ಳಿ, ಬಿಡೋಕೆ ಇನ್ನೊಂದು ಕಾರಣ ಸಿಗುತ್ತೆ.

ಅಮ್ಮನ ಜೊತೆ ಈ ವರ್ಷ ಜನವರಿಯಿಂದಲೇ ಮಾತುಕತೆ ನಡೆದಿದೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಊಟ ಬಿಡೋ ಹಾಗಿಲ್ಲ. ಬದಲಿಗೆ ಸಂಜೆ ಬೇಕರಿಯಿಂದ ತರಿಸ್ತಿದ್ದ ಬೆಣ್ಣೆ ಬಿಸ್ಕೆಟ್, ಬನ್ನು ಬಂದ್, ಆ ಮೂವತ್ತು ರೂಪಾಯಿ ದಿನಾ ಹಾರ್ಲಿಕ್ಸ್ ಡಬ್ಬಿಗೆ. ಎದುರುಮನೆ ಹುಡುಗಿಗೆ ಜೂನಿನಲ್ಲಿ ಕಾಲೇಜು ಪುಸ್ತಕ ಬೇಕು, ಅದಕ್ಕೆ ಅಂತ ಅವಳೇ ತೀರ್ಮಾನ ಮಾಡಿದಾಳೆ. ರಾತ್ರಿ ಎಂಟೂವರೆ ಸೀರಿಯಲ್ ಬಿಡಮ್ಮ ಅಂದೆ. ಅದರ ವಿಷಯಕ್ಕೆ ಬರಬೇಡ, ಅದರಲ್ಲಿ ಸಕ್ಕರೆ ಇಲ್ಲ ಅಂದ್ಲು.

ನಿನ್ನೆ ಶಿಲುಬೆ ಹಾದಿಗೆ ಹೊರಡೋ ಮೊದಲು ವಿಡಿಯೋ ಕಾಲ್ ಮಾಡಿ ಮೀಟರ್ ತೋರಿಸಿದಳು, 118. ಸೆರಗಿನ ಗಂಟಲ್ಲಿ ಎರಡು ಗ್ಲೂಕೋಸ್ ಪೊಟ್ಟಣ. ಮಧ್ಯಾಹ್ನ ಊಟ ಮಾಡಿದ್ಯಾ ಅಂದೆ. "ಮುದ್ದೆ, ಸೊಪ್ಪಿನ ಸಾರು. ಹೊಟ್ಟೆ ತುಂಬಿದೆ ಕಣೇ, ತಪಸ್ಸು ಮಾಡ್ತಿದ್ದೀನಿ ಅಂತಲೇ ಅನ್ಸಲ್ಲ" ಅಂತ ಮುಖ ಸಣ್ಣ ಮಾಡಿದಳು. ನಾನು ಅವಳಿಗೆ ಏನೂ ಹೇಳಲಿಲ್ಲ. ಅಕ್ಕನ ಮಗನಿಗೆ ಮೆಸೇಜ್ ಮಾಡಿದೆ, ಒಂಬತ್ತನೇ ಸ್ಥಳದ ಹತ್ತಿರ ಪಕ್ಕದಲ್ಲೇ ನಿಂತ್ಕೋ ಅಂತ.