ದಾಖಲೆ ಹೇಳುವುದೆಷ್ಟು, ಹೇಳದಿರುವುದೆಷ್ಟು

2025ರ ಏಪ್ರಿಲ್ 13ರಂದು ಕರ್ನೂಲು ಬಳಿಯ ಪರೀಕ್ಷಾ ಕ್ಷೇತ್ರದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ವಾಹನದ ಮೇಲೆ ಕೂರಿಸಿದ ಲೇಸರ್ ಆಯುಧವೊಂದನ್ನು ಪರೀಕ್ಷಿಸಿತು. ಹಾರುತ್ತಿದ್ದ ಡ್ರೋನುಗಳನ್ನು ಕೇವಲ ಕಿರಣದಿಂದ ಘಾಸಿಗೊಳಿಸಿದುದಾಗಿ ಸಂಸ್ಥೆಯೇ ಪ್ರಕಟಿಸಿತು. ಆದವಾನಿ ಸೇರಿರುವ ಜಿಲ್ಲೆಯಲ್ಲೇ ನಡೆದ ಈ ಪರೀಕ್ಷೆಯಲ್ಲಿ ಗುಟ್ಟೇನೂ ಇರಲಿಲ್ಲ. ಕಿರಣಾಯುಧವೆಂಬುದು ಇನ್ನು ಪುರಾಣದ ಆಗ್ನೇಯಾಸ್ತ್ರವಲ್ಲ.

ಆದರೆ ಇಂತಹ ಸುದ್ದಿಯ ಬೆನ್ನಿಗೇ ಇನ್ನೊಂದು ಮಾತು ಹರಡುವುದುಂಟು. ಅಂತಹುದೇ ಕಿರಣಗಳನ್ನು ಜನಸಾಮಾನ್ಯರ ತಲೆಯ ಮೇಲೆ ಗುಟ್ಟಾಗಿ ಹಾಯಿಸಲಾಗುತ್ತಿದೆ, ದೂರದಿಂದಲೇ ಕಿವಿಯೊಳಗೆ ಮಾತು ತುಂಬಲಾಗುತ್ತಿದೆ, ಮನದೊಳಗಿನ ಯೋಚನೆಯನ್ನು ಓದಲಾಗುತ್ತಿದೆ ಎಂಬುದೇ ಆ ಮಾತು. ಹೀಗೆನ್ನುವವರು ಬರಿಗೈಯಲ್ಲಿ ಬರುವುದಿಲ್ಲ. ಅಮೆರಿಕದ ಸರ್ಕಾರಿ ಕಡತಗಳ ಪ್ರತಿಗಳನ್ನು ಮುಂದಿಡುತ್ತಾರೆ. ಆ ಕಡತಗಳಲ್ಲಿ ಅನೇಕವು ಅಸಲಿಯೇ. ಅವು ನಿಜವಾಗಿ ಹೇಳುವುದೇನು ಎಂಬುದೇ ಪ್ರಶ್ನೆ.

ರೈತರಿಗೆ ಈ ಪ್ರಶ್ನೆ ಹೊಸದಲ್ಲ. ಅಡಂಗಲ್ಲಿನಲ್ಲಿ ಹೆಸರಿದ್ದರೆ ಆ ವರ್ಷ ಆ ಹೊಲವನ್ನು ಉತ್ತವರು ಯಾರೆಂದು ತಿಳಿಯುತ್ತದೆ. ಹೊಲ ಯಾರ ಸ್ವತ್ತು ಎಂಬುದಕ್ಕೆ ಬೇರೆ ಪತ್ರ ಬೇಕು. ಒಂದರಿಂದ ಇನ್ನೊಂದನ್ನು ಸಾಧಿಸಹೊರಟವರು ನ್ಯಾಯಾಲಯದಲ್ಲಿ ಸೋಲುತ್ತಾರೆ. ದೇಶದೇಶಗಳ ಗುಪ್ತ ಕಡತಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು.

ಮೊದಲು, ಸಂಶಯಕ್ಕೆ ಬಲವಾದ ಆಧಾರ ಒದಗಿಸಿದ ಪ್ರಕರಣವನ್ನೇ ನೋಡಬಹುದು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಎಂಕೆ ಅಲ್ಟ್ರಾ ಎಂಬ ಯೋಜನೆಯನ್ನು ಆರಂಭಿಸಿತು. ಮನುಷ್ಯನ ಮನಸ್ಸನ್ನು ವಶಕ್ಕೆ ತಂದುಕೊಳ್ಳುವ ಬಗೆಯನ್ನು ಹುಡುಕುವುದು ಅದರ ಗುರಿ. ಏನನ್ನೂ ಅರಿಯದವರಿಗೆ ಎಲ್‌ಎಸ್‌ಡಿ ಎಂಬ ಭ್ರಾಮಕ ಔಷಧವನ್ನು ಕುಡಿಸಲಾಯಿತು. 1973ರಲ್ಲಿ ಸಂಸ್ಥೆಯ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಅವರ ಆದೇಶದಂತೆ ಕಡತಗಳು ನಾಶವಾದವು. ಆದರೂ ಲೆಕ್ಕಪತ್ರಗಳ ಏಳು ಪೆಟ್ಟಿಗೆಗಳು ಬೇರೊಂದು ಉಗ್ರಾಣದಲ್ಲಿ ಉಳಿದುಕೊಂಡಿದ್ದವು. ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಬಂದ ಅರ್ಜಿಯೊಂದರಿಂದಾಗಿ 1977ರಲ್ಲಿ ಅವು ಬೆಳಕಿಗೆ ಬಂದವು. ಅವುಗಳ ಆಧಾರದ ಮೇಲೆ 149 ಉಪಯೋಜನೆಗಳಿದ್ದವೆಂದೂ, 44 ಕಾಲೇಜು ವಿಶ್ವವಿದ್ಯಾಲಯಗಳು, 12 ಆಸ್ಪತ್ರೆಗಳು ಹಾಗೂ 3 ಸೆರೆಮನೆಗಳಲ್ಲಿ ಕೆಲಸ ನಡೆದಿತ್ತೆಂದೂ ಅಂದಿನ ನಿರ್ದೇಶಕರು ಸೆನೆಟ್ ಸಮಿತಿಯೆದುರು ಒಪ್ಪಿಕೊಂಡರು. ಕೆನಡಾದ ಮಾಂಟ್ರಿಯಲ್ ನಗರದ ಆಸ್ಪತ್ರೆಯೊಂದರಲ್ಲಿ ಇಂತಹ ಪ್ರಯೋಗಗಳಿಗೆ ಸಿಕ್ಕಿ ನಲುಗಿದ 77 ಮಂದಿಗೆ ಆ ದೇಶದ ಸರ್ಕಾರ 1992ರಲ್ಲಿ ತಲಾ ಒಂದು ಲಕ್ಷ ಡಾಲರ್ ಪರಿಹಾರ ನೀಡಲು ನಿರ್ಧರಿಸಿತು.

ಸರ್ಕಾರವೊಂದು ತನ್ನ ಪ್ರಜೆಗಳ ಮೇಲೆ ಗುಟ್ಟಾಗಿ ಪ್ರಯೋಗ ನಡೆಸೀತೆ ಎಂಬ ಪ್ರಶ್ನೆಗೆ ಈ ದಾಖಲೆ ಕೊಡುವ ಉತ್ತರ ಸ್ಪಷ್ಟ: ನಡೆಸಿದೆ. ಆದರೆ ಉಳಿದ ಕಾಗದಗಳು ತೋರಿಸುವುದು ಔಷಧ, ಸಮ್ಮೋಹನ, ವಿದ್ಯುದಾಘಾತಗಳನ್ನು. ಮನಸ್ಸನ್ನು ದೂರದಿಂದ ಆಳುವ ಯಂತ್ರ ಅವುಗಳಲ್ಲಿ ಕಾಣಿಸುವುದಿಲ್ಲ.

ಕಿರಣಗಳ ಕಥೆ ಮಾಸ್ಕೋದಿಂದ ಮೊದಲಾಗುತ್ತದೆ. 1950ರ ದಶಕದಿಂದ 1970ರ ದಶಕದವರೆಗೆ ಸೋವಿಯತ್ ಒಕ್ಕೂಟವು ಅಲ್ಲಿನ ಅಮೆರಿಕನ್ ರಾಯಭಾರ ಕಚೇರಿಯ ಕಡೆಗೆ ಮೈಕ್ರೋವೇವ್ ಅಲೆಗಳನ್ನು ಹಾಯಿಸುತ್ತಿತ್ತು. ಅಲೆಗಳ ತೀವ್ರತೆ ಅಂದಿನ ಅಮೆರಿಕನ್ ಸುರಕ್ಷತಾ ಮಿತಿಯ ನೂರರಲ್ಲೊಂದು ಪಾಲಿಗಿಂತಲೂ ಬಹಳ ಕಡಿಮೆಯಿತ್ತು. ಆದರೂ ಅನುಮಾನಗೊಂಡ ಅಮೆರಿಕ 1965ರಲ್ಲಿ ಪಂಡೋರಾ ಎಂಬ ಗುಪ್ತ ಯೋಜನೆಯಡಿ ಕೋತಿಗಳ ಮೇಲೆ ಪ್ರಯೋಗ ನಡೆಸಿತು. ಕಚೇರಿಯ ನೌಕರರಿಗೆ ಮಾತ್ರ 1976ರವರೆಗೆ ಏನನ್ನೂ ತಿಳಿಸಲಿಲ್ಲ. ಮುಂದೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಬ್ರಹಾಂ ಲಿಲಿಯನ್‌ಫೆಲ್ಡ್ ಅವರು ಮಾಸ್ಕೋದ ನೌಕರರ ಆರೋಗ್ಯವನ್ನು ಪೂರ್ವ ಯೂರೋಪಿನ ಇತರ ರಾಯಭಾರ ಕಚೇರಿಗಳ ನೌಕರರ ಆರೋಗ್ಯದೊಂದಿಗೆ ಹೋಲಿಸಿ, 1978ರಲ್ಲಿ ವರದಿ ನೀಡಿದರು. ಅಲೆಗಳಿಂದಾದ ಹಾನಿಯೆಂದು ಹೇಳಬಹುದಾದುದೇನೂ ಅವರಿಗೆ ಕಾಣಲಿಲ್ಲ. ಆ ವೇಳೆಗೆ ನೌಕರರ ವಿಶ್ವಾಸ ಮುರಿದಿತ್ತು. ಇಪ್ಪತ್ತು ವರ್ಷ ಬಾಯಿ ಬಿಡದಿದ್ದವರು ಕೊನೆಗೊಮ್ಮೆ ಅಪಾಯವಿರಲಿಲ್ಲವೆಂದರೆ ನಂಬುವುದು ಸುಲಭವಲ್ಲ.

ಮೈಕ್ರೋವೇವ್‌ನಿಂದ ತಲೆಯೊಳಗೆ ಸದ್ದು ಹುಟ್ಟಿಸಬಹುದೆಂಬ ಮಾತೂ ಬರಿಯ ಕಟ್ಟುಕತೆಯಲ್ಲ. ಅಮೆರಿಕದ ವಿಜ್ಞಾನಿ ಅಲನ್ ಫ್ರೇ 1960ರ ದಶಕದ ಆರಂಭದಲ್ಲೇ ಇದನ್ನು ದಾಖಲಿಸಿದರು. ಅಲೆಗಳ ಚುಟುಕು ಮಿಡಿತವೊಂದು ತಲೆಯ ಅಂಗಾಂಶವನ್ನು ಒಂದು ಡಿಗ್ರಿಯ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಬಿಸಿ ಮಾಡುತ್ತದೆ. ಅಷ್ಟರಿಂದಲೇ ಅಂಗಾಂಶ ಕ್ಷಣಮಾತ್ರ ಹಿಗ್ಗುತ್ತದೆ. ಆ ಅದಿರು ಒಳಗಿವಿಯನ್ನು ಮುಟ್ಟಿ ಟಿಕ್ಕೆಂಬ ಇಲ್ಲವೆ ಗುಂಯ್ ಎಂಬ ಸದ್ದಾಗಿ ಕೇಳಿಸುತ್ತದೆ. ಇದನ್ನು ಬಳಸಿ ಮಾತನ್ನು ಕೇಳಿಸುವೆನೆಂದ ಉಪಕರಣವೊಂದಕ್ಕೆ ಅಮೆರಿಕದಲ್ಲಿ 1989ರಲ್ಲಿ ಪೇಟೆಂಟ್ ಕೂಡ ದೊರೆತಿದೆ. ಆದರೆ ಪೇಟೆಂಟ್ ಎಂಬುದು ಕಲ್ಪನೆಯ ಒಡೆತನಕ್ಕೆ ಸಿಗುವ ಪತ್ರ. ಆ ಉಪಕರಣ ತಯಾರಾಯಿತೆಂದಾಗಲಿ, ಯಾರ ಮೇಲೋ ಬಳಕೆಯಾಯಿತೆಂದಾಗಲಿ ಅದು ಸಾಕ್ಷಿ ನುಡಿಯುವುದಿಲ್ಲ.

ಸರ್ಕಾರಿ ಕಪಾಟಿನಿಂದ ಹೊರಬಂದುದೆಲ್ಲ ಸರ್ಕಾರದ ನಿರ್ಣಯವೂ ಅಲ್ಲ. 2018ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಗುಪ್ತಚರ ಸಮನ್ವಯ ಕೇಂದ್ರವೊಂದರಿಂದ ಪತ್ರಕರ್ತನೊಬ್ಬ ಬೇರಾವುದೋ ವಿಷಯದ ಕಡತಗಳನ್ನು ಕೇಳಿದ್ದ. ಬಂದ ಕಾಗದಗಳ ಜೊತೆಗೆ ದೂರದಿಂದ ಮನಸ್ಸನ್ನು ನಿಯಂತ್ರಿಸುವ ಚಿತ್ರಗಳಿದ್ದ ಇನ್ನೊಂದು ಕಡತವೂ ಕೈತಪ್ಪಿ ಬಂದಿತು. ಅವು ಆ ಕೇಂದ್ರವೇ ಸಿದ್ಧಪಡಿಸಿದ ಚಿತ್ರಗಳಾಗಿರಲಿಲ್ಲ. ಹೊರಗೆ ಎಲ್ಲೆಲ್ಲೋ ಓಡಾಡುತ್ತಿದ್ದ ಚಿತ್ರಗಳೇ ಕಡತ ಸೇರಿದ್ದವು. ಆದರೂ ಗುಟ್ಟು ರಟ್ಟಾಯಿತೆಂಬ ಸುದ್ದಿ ಜಗತ್ತನ್ನು ಸುತ್ತಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ದೇಶದಲ್ಲೂ ಬರವಿಲ್ಲ.

ಇತ್ತೀಚಿನ ದೊಡ್ಡ ಪ್ರಕರಣ ಹವಾನಾದ್ದು. 2016ರ ಕೊನೆಯಿಂದ ಕ್ಯೂಬಾದಲ್ಲಿದ್ದ ಅಮೆರಿಕನ್ ರಾಜತಾಂತ್ರಿಕರು ವಿಚಿತ್ರ ಸದ್ದು, ತಲೆಸುತ್ತು, ನೆನಪಿನ ತೊಡಕುಗಳ ಬಗ್ಗೆ ದೂರತೊಡಗಿದರು. ಪರಿಗಣಿಸಿದ ಕಾರಣಗಳಲ್ಲಿ ಗುರಿಯಿಟ್ಟು ಬಿಟ್ಟ ರೇಡಿಯೋ ಅಲೆಗಳೇ ಹೆಚ್ಚು ಸಂಭವನೀಯವೆಂದು ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳು 2020ರಲ್ಲಿ ಹೇಳಿದವು. ಇತ್ತ ಕೆಲವರು ಧ್ವನಿಮುದ್ರಿಸಿಕೊಂಡಿದ್ದ ಸದ್ದು ಒಂದು ಜಾತಿಯ ಚಿಮ್ಮಂಡೆಯ ಕೂಗೆಂದು ಕೀಟದನಿಗಳ ಅಧ್ಯಯನಕಾರರು ತೋರಿಸಿದರು. 2023ರಲ್ಲಿ ಏಳು ಗುಪ್ತಚರ ಸಂಸ್ಥೆಗಳಲ್ಲಿ ಐದು, ವಿದೇಶೀ ಶತ್ರುವಿನ ಕೈವಾಡದ ಸಂಭವ ತೀರಾ ಕಡಿಮೆಯೆಂದವು. 2025ರ ಆರಂಭದಲ್ಲಿ ಎರಡು ಸಂಸ್ಥೆಗಳು ತಮ್ಮ ನಿಲುವನ್ನು ತುಸು ಸಡಿಲಿಸಿದವು. 2024ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಸ್ಕ್ಯಾನಿಗೆ ಕಾಣುವ ಮಿದುಳಿನ ಗಾಯ ಸಿಗಲಿಲ್ಲ. ಆದರೆ ತಲೆಸುತ್ತು, ಆಯಾಸ, ಖಿನ್ನತೆಗಳು ನಿಜವೆಂದು ಅದೇ ವೈದ್ಯರು ಬರೆದರು. ಕಾರಣ ತೀರ್ಮಾನವಾಗುವುದಕ್ಕೂ ಮೊದಲೇ, 2021ರಲ್ಲಿ, ನೊಂದವರ ನೆರವಿಗಾಗಿ ಅಮೆರಿಕ ಕಾನೂನು ಮಾಡಿತು. ನೋವನ್ನು ಒಪ್ಪಿಕೊಳ್ಳುವುದಕ್ಕೂ ಅದರ ಕಾರಣವನ್ನು ಒಪ್ಪಿಕೊಳ್ಳುವುದಕ್ಕೂ ಇರುವ ಅಂತರವನ್ನು ಆ ಕಾನೂನು ಉಳಿಸಿಕೊಂಡಿದೆ.

ಈ ಅಂತರ ಮರೆತಾಗಲೇ ಅನಾಹುತವಾಗುವುದು. ತನಗೆ ದನಿ ಕೇಳಿಸುತ್ತಿದೆ, ಯಾರೋ ಕಿರಣದಿಂದ ಮೈ ಸುಡುತ್ತಿದ್ದಾರೆ ಎಂದು ಮನೆಯ ಹುಡುಗನೊಬ್ಬ ಹೇಳಿದರೆ, ಕೆಲವರು ಹಳೆಯ ಕಡತ ತೋರಿಸಿ ಅವನ ಭಯಕ್ಕೆ ನೀರೆರೆಯುತ್ತಾರೆ. ಕೆಲವರು ನಕ್ಕು ಅಟ್ಟುತ್ತಾರೆ. ಎರಡರಿಂದಲೂ ಅವನ ನಿದ್ದೆ ಮರಳುವುದಿಲ್ಲ. ಅವನು ಅನುಭವಿಸುತ್ತಿರುವ ಸಂಕಟ ದಿಟ. ಅದಕ್ಕೆ ಮದ್ದೂ ಉಂಟು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ರಾಜ್ಯದಿಂದಲೂ ಕರೆ ಮಾಡಬಹುದು. ಅವನ ಮಾತನ್ನು ಕೊನೆಯವರೆಗೆ ಕೇಳಿ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವವರೊಬ್ಬರಿದ್ದರೆ ಅರ್ಧ ದಾರಿ ಸವೆದಂತೆ.

ಇನ್ನರ್ಧ ಹೊಣೆ ಆಳುವವರದು. 2005ರ ಮಾಹಿತಿ ಹಕ್ಕು ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯೂ ಗುಪ್ತಚರ ಸಂಸ್ಥೆಗಳೂ ವಿನಾಯಿತಿ ಪಡೆದಿವೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಆ ವಿನಾಯಿತಿ ಅನ್ವಯಿಸದು. ಮಾನವ ಹಕ್ಕಿನ ವಿಷಯವಾದರೆ ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನಗಳಲ್ಲಿ ಮಾಹಿತಿ ನೀಡಬೇಕೆಂದು 24ನೆಯ ಕಲಮೇ ಹೇಳುತ್ತದೆ. ಈ ಸಣ್ಣ ಬಾಗಿಲನ್ನು ಮುಚ್ಚಗೊಡದೆ ಕಾಯುವುದು ಪ್ರಜೆಗಳ ಕೆಲಸ.

ಮಿದುಳಿನ ತಂತ್ರಜ್ಞಾನವೂ ಕೈಕಟ್ಟಿ ಕುಳಿತಿಲ್ಲ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿಯ ಉಪಕರಣವನ್ನು ಮೊದಲ ಬಾರಿಗೆ ಮನುಷ್ಯನೊಬ್ಬನ ತಲೆಯೊಳಗೆ, ಅವನ ಒಪ್ಪಿಗೆ ಪಡೆದು, ಶಸ್ತ್ರಚಿಕಿತ್ಸೆಯಿಂದ ಕೂರಿಸಲಾಯಿತು. ಇಷ್ಟು ಹತ್ತಿರ ಹೋದರೂ ಅದು ಓದುವುದು ಕೈಯಾಡಿಸುವ ಇಚ್ಛೆಯಂತಹ ಸಂಕೇತಗಳನ್ನು. ಚಿಲಿ ದೇಶವು 2021ರಲ್ಲೇ ಮಿದುಳಿನ ಚಟುವಟಿಕೆಗೆ ಮತ್ತು ಅದರ ಮಾಹಿತಿಗೆ ಸಂವಿಧಾನದ ರಕ್ಷಣೆ ಕೊಟ್ಟಿತು. ಭಯ ಹಬ್ಬುವ ಮೊದಲೇ ಕಾನೂನು ಬರೆಯುವ ದಾರಿಯದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪ್ರಮಾಣಿಸಿ ನೋಡಲು ಕಾಗದ ಉಳಿದಿರಬೇಕು. 1973ರಲ್ಲಿ ನಾಶವಾದ ಕಡತಗಳಲ್ಲಿ ಏನಿತ್ತೆಂದು ಇನ್ನಾರೂ ಹೇಳಲಾರರು. ಅಂದು ಬರಿದಾದ ಕಪಾಟನ್ನು ಐವತ್ತು ವರ್ಷಗಳಿಂದ ಜನರ ಭಯವೇ ತುಂಬುತ್ತ ಬಂದಿದೆ.